79ರ ಮಾವನವರಿಗೆ 10 ಬಗೆಯ ಮಾತ್ರೆ: ಯಾವುದು ಬೇಕು, ಯಾವುದು ಬೇಡ ಅಂತ ಯಾರನ್ನು ಕೇಳೋದು?

ತೋಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿಯಿಂದ ಹುಲೇಕಲ್ ಕಡೆ ಹೋಗುವಾಗ ಸಿಗುವ ಹಳ್ಳಿ. ಅಡಿಕೆ ತೋಟದ ಮನೆ. ನಾನು ಈ ಮನೆಯ ಸೊಸೆ. ಮಾವನವರ ಔಷಧದ ಬಗ್ಗೆ ಕೇಳಬೇಕಿತ್ತು. ಸ್ವಲ್ಪ ಉದ್ದ ಆಗುತ್ತದೆ. ಬಿಡಿಸಿ ಹೇಳದಿದ್ದರೆ ನಿಮಗೂ ತಿಳಿಯುವುದಿಲ್ಲ, ಅಲ್ವಾ?

ಮಾವನವರಿಗೆ 79 ವರ್ಷ. ತೂಕ 52 ಕೆ.ಜಿ. ಬಿಪಿ, ಶುಗರ್ ಎರಡೂ ಹಳೆಯವು. ಕೆಲವು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಸ್ಟೆಂಟ್ ಹಾಕಿದ್ದಾರೆ. ಕಳೆದ ಕೊಯ್ಲಿನ ಹೊತ್ತಿಗೂ ಒಬ್ಬರೇ ತೋಟಕ್ಕೆ ಇಳಿದು ಹತ್ತಿ ಬರುತ್ತಿದ್ದರು. ಈಗ ಹಾಸಿಗೆಯಿಂದ ಎದ್ದರೆ ತಲೆ ಸುತ್ತುತ್ತದೆ. ಕೈ ನಡುಗುತ್ತದೆ, ಚಹಾ ಲೋಟ ಹಿಡಿದರೆ ಚೆಲ್ಲುತ್ತದೆ. ಹೆಜ್ಜೆ ಸಣ್ಣ ಸಣ್ಣದಾಗಿದೆ. ಎರಡು ಸಲ ಬಿದ್ದಿದ್ದಾರೆ, ಎರಡೂ ಬೆಳಗಿನ ಜಾವ ಬಚ್ಚಲಿಗೆ ಹೋಗುವಾಗ. ದೇವರ ದಯೆ, ಮೂಳೆ ಮುರಿದಿಲ್ಲ. ಕೆಲವು ದಿನ ಸಂಜೆ ಮಾತು ಗೊಂದಲ ಆಗುತ್ತದೆ. ಗೊತ್ತಿದ್ದವರ ಹೆಸರೇ ತಪ್ಪಿ ಹೇಳುತ್ತಾರೆ.

ಈಗ ಮಾತ್ರೆಗಳು. ಬಿಪಿಗೆ ಟೆಲ್ಮಿಸಾರ್ಟಾನ್ 40 ಜೊತೆ ಹೈಡ್ರೋಕ್ಲೋರೋಥಯಾಜೈಡ್ ಸೇರಿದ್ದು ಒಂದು, ರಾತ್ರಿ ಅಮ್ಲೋಡಿಪಿನ್ 5 ಒಂದು. ಶುಗರ್‌ಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇರಿದ ಎಸ್.ಆರ್. (ನಿಧಾನಕ್ಕೆ ಔಷಧ ಬಿಡುವ) ಮಾತ್ರೆ. ಹೃದಯಕ್ಕೆ ಆಸ್ಪಿರಿನ್ ಮತ್ತು ಅಟೊರ್ವಾಸ್ಟಾಟಿನ್ ಇರುವ ಕ್ಯಾಪ್ಸೂಲ್. ಗ್ಯಾಸ್‌ಗೆ ಪ್ಯಾಂಟೊಪ್ರಜೋಲ್ ಮತ್ತು ಡೊಂಪೆರಿಡೋನ್. ಮಂಡಿನೋವಿಗೆ ಅಸಿಕ್ಲೊಫೆನಾಕ್ ಮತ್ತು ಪ್ಯಾರಾಸಿಟಮಾಲ್, ದಿನಕ್ಕೆ ಎರಡು. ಪಾದ ಬಾತಿದೆ ಅಂತ ಫ್ಯೂರೊಸೆಮೈಡ್ ಮತ್ತು ಸ್ಪೈರನೊಲ್ಯಾಕ್ಟೋನ್ ಸೇರಿದ ಮಾತ್ರೆ. ತಲೆಸುತ್ತಿಗೆ ಸಿನ್ನರಿಜಿನ್, ದಿನಕ್ಕೆ ಮೂರು. ನಿದ್ದೆಗೆ ಅಲ್ಪ್ರಜೋಲಾಂ 0.25. ಮತ್ತೆ ಕ್ಯಾಲ್ಸಿಯಂ, ಡಿ3 ಮಾತ್ರೆ. ಒಟ್ಟು 10 ಬಗೆ. ಇದರ ಮೇಲೆ ಮಳೆಗಾಲದಲ್ಲಿ ಶೀತ ಆದರೆ ಅಂಗಡಿಯಿಂದ ತರುವ ಮಾತ್ರೆ. ಮನೆಯಲ್ಲಿ ದಿನಾ ಕಷಾಯ. ಕೆಮ್ಮಿಗೆ ಅಂತ ಅದಕ್ಕೆ ಜೇಷ್ಠಮಧು ಜಾಸ್ತಿ ಹಾಕುತ್ತೇವೆ.

ಇದನ್ನೆಲ್ಲ ಒಬ್ಬರೇ ಬರೆದುಕೊಟ್ಟಿದ್ದಲ್ಲ. ಹುಬ್ಬಳ್ಳಿಯ ಹೃದಯದ ಡಾಕ್ಟರು, ಶಿರಸಿಯಲ್ಲಿ ಶುಗರ್ ನೋಡುವವರು, ಮಂಡಿ ನೋಡಿದವರು, ಕಿವಿ ಮೂಗಿನವರು, ಊರಿನ ಡಾಕ್ಟರು. ಅತ್ತೆ ಮಾತ್ರೆಗಳನ್ನು ಬಣ್ಣ ನೋಡಿ ಕೊಡುತ್ತಾರೆ. ಶೀಟಿನಿಂದ ಬಿಡಿಸಿ ಸ್ಟೀಲ್ ಡಬ್ಬಿಯಲ್ಲಿ ಹಾಕಿಡುತ್ತಾರೆ.

ಕೊನೆಯ ರಕ್ತ ಪರೀಕ್ಷೆಯಲ್ಲಿ, ಕಿಡ್ನಿ ಹೇಗಿದೆ ಅಂತ ತಿಳಿಯಲು ನೋಡುವ ಕ್ರಿಯಾಟಿನಿನ್ 1.3 ಇತ್ತು, ನಾರ್ಮಲ್ ಅಂದರು. ಮೂರು ತಿಂಗಳ ಶುಗರ್ 6.3. ಕೂತಾಗ ಬಿಪಿ 112/64.

ಇಷ್ಟು ಮಾತ್ರೆ ಬೇಕಾ? ತಲೆಸುತ್ತು ಮಾತ್ರೆಯಿಂದಲೇ ಬಂದಿರಬಹುದಾ? ನಮ್ಮ ಮನೆಯವರು "ಡಾಕ್ಟರು ಕೊಟ್ಟಿದ್ದನ್ನು ಬಿಡಿಸಲು ನಾವ್ಯಾರು" ಅನ್ನುತ್ತಾರೆ. ಅತ್ತೆ ನಿಶ್ಶಕ್ತಿ ಅಂತ ದಿನಾ ಎರಡು ಎಳನೀರು ಕುಡಿಸುತ್ತಿದ್ದಾರೆ. ನನಗೆ ಯಾರನ್ನು ಕೇಳಬೇಕು ಅನ್ನುವುದೇ ತಿಳಿಯುತ್ತಿಲ್ಲ.

ಕಾರವಾರದ ಮಗ

ಅಕ್ಕಾ, ಮೊದಲು ಒಂದು ಕೆಲಸ ಮಾಡಿ. ಎಲ್ಲ ಶೀಟುಗಳನ್ನೂ ಮೇಜಿನ ಮೇಲೆ ಹರಡಿ, ದೊಡ್ಡ ಅಕ್ಷರದ ಕಂಪನಿ ಹೆಸರು ಬಿಟ್ಟು ಕೆಳಗೆ ಸಣ್ಣದಾಗಿ ಬರೆದಿರುವ ಔಷಧದ ಹೆಸರು ಓದಿ.

ನಮ್ಮ ತಾಯಿಗೆ 74. ಗೋವಾ ಕಡೆಯ ಒಂದು ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಕಾರವಾರಕ್ಕೆ ಬಂದಾಗ ಹೊಸ ಚೀಟಿ ಕೊಟ್ಟಿದ್ದರು. ಮನೆಯಲ್ಲಿ ಹಳೆಯ ಬಿಪಿ ಮಾತ್ರೆ ಉಳಿದಿತ್ತು. ಹೊಸದರ ಹೆಸರು ಬೇರೆ, ಬಣ್ಣ ಬೇರೆ. ಹಳೆಯದನ್ನು ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ. ಅಮ್ಮ ಎರಡನ್ನೂ ತೆಗೆದುಕೊಳ್ಳುತ್ತಿದ್ದರು. ಎರಡರಲ್ಲೂ ಇದ್ದದ್ದು ಟೆಲ್ಮಿಸಾರ್ಟಾನೇ. ಅಡುಗೆ ಮನೆಯಲ್ಲಿ ಕುಸಿದು ಕೂತ ದಿನ ಬಿಪಿ 80 ಇತ್ತು. ಪಕ್ಕದ ಮನೆಯ ನರ್ಸ್ ಬಂದು ಶೀಟು ಓದಿ ಹೇಳಿದ ಮೇಲೆ ನಮಗೆ ಗೊತ್ತಾಯಿತು.

ನಮ್ಮ ಜಿಲ್ಲೆಯಲ್ಲಿ ಇದು ಎಲ್ಲರ ಮನೆಯಲ್ಲೂ ಆಗುವಂಥದ್ದು. ದೊಡ್ಡ ಕಾಯಿಲೆ ಬಂದರೆ ಒಬ್ಬರು ಮಣಿಪಾಲಕ್ಕೆ, ಒಬ್ಬರು ಹುಬ್ಬಳ್ಳಿಗೆ, ನಾವು ಗೋವಾಕ್ಕೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ. ಅಲ್ಲಿಯ ಚೀಟಿ ಇಲ್ಲಿಯವರು ನೋಡುವುದಿಲ್ಲ, ಇಲ್ಲಿಯದ್ದು ಅಲ್ಲಿಯವರಿಗೆ ಗೊತ್ತಿರುವುದಿಲ್ಲ. ನಡುವೆ ಇರುವವರು ನಾವೇ. ಈಗ ನಾನು ಎಲ್ಲಿಗೆ ಹೋದರೂ ಅಮ್ಮನ ಮಾತ್ರೆಗಳ ಪಟ್ಟಿ ಒಂದೇ ಹಾಳೆಯಲ್ಲಿ ಬರೆದು ಕೊಂಡೊಯ್ಯುತ್ತೇನೆ. ಡಾಕ್ಟರು ಹೊಸದು ಬರೆದರೆ, "ಇದರಲ್ಲಿ ಯಾವುದನ್ನು ನಿಲ್ಲಿಸಬೇಕು" ಅಂತ ಅಲ್ಲೇ ಕೇಳುತ್ತೇನೆ.

ಕುಮಟಾ ಫಾರ್ಮಸಿಸ್ಟ್

ತಂಗಿ, ನೀನು ಇಷ್ಟು ವಿವರವಾಗಿ ಬರೆದದ್ದು ತುಂಬಾ ಒಳ್ಳೆಯದಾಯಿತು. ನಾನು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಡಾಕ್ಟರ್ ಅಲ್ಲ. ಆದ್ದರಿಂದ ಯಾವ ಮಾತ್ರೆ ನಿಲ್ಲಿಸು ಅಂತ ಇಲ್ಲಿಂದ ಹೇಳುವುದಿಲ್ಲ. ನೀನೂ ಈ ಉತ್ತರ ಓದಿ ಯಾವುದನ್ನೂ ತಟ್ಟನೆ ಬಿಡಿಸಬೇಡ. ಡಾಕ್ಟರ ಮುಂದೆ ಏನು ಕೇಳಬೇಕು ಅನ್ನುವುದನ್ನು ಹೇಳುತ್ತೇನೆ.

ನೀನು 10 ಮಾತ್ರೆ ಅಂದೆ. ಆದರೆ ಹೆಚ್ಚಿನವು ಎರಡೆರಡು ಔಷಧ ಸೇರಿದವು. ಬಿಡಿಸಿ ಎಣಿಸಿದರೆ 17 ಆಗುತ್ತದೆ. 5 ಅಥವಾ ಅದಕ್ಕಿಂತ ಜಾಸ್ತಿ ಔಷಧ ಇದ್ದರೆ ಬಹುಔಷಧ ಬಳಕೆ ಅನ್ನುತ್ತಾರೆ. ಸಂಖ್ಯೆ ಜಾಸ್ತಿ ಇದೆ ಅಂದ ಮಾತ್ರಕ್ಕೆ ತಪ್ಪು ಅಂತಲ್ಲ. ಸ್ಟೆಂಟ್ ಇರುವವರಿಗೆ, ಶುಗರ್ ಇರುವವರಿಗೆ ಐದಾರು ಮಾತ್ರೆ ನಿಜವಾಗಿಯೂ ಬೇಕಾಗುತ್ತದೆ. ನಾನು ನೋಡುವುದು ಒಂದೇ: ಈ ಮಾತ್ರೆ ಕಾಯಿಲೆಗೆ ಬಂದದ್ದೋ, ಇನ್ನೊಂದು ಮಾತ್ರೆ ತಂದ ತೊಂದರೆಗೆ ಬಂದದ್ದೋ?

ನಿನ್ನ ಪಟ್ಟಿಯನ್ನು ಆ ಕಣ್ಣಿನಿಂದ ಓದು. ಅಮ್ಲೋಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ಪಾದ ಬಾಯುತ್ತದೆ. ಇದು ಗೊತ್ತಿರುವ ಅಡ್ಡಪರಿಣಾಮ. ಆ ಬಾವು ಮೈಯಲ್ಲಿ ನೀರು ಜಾಸ್ತಿ ಆಗಿ ಬಂದದ್ದಲ್ಲ, ಹಾಗಾಗಿ ಮೂತ್ರ ಹೋಗುವ ಮಾತ್ರೆಯಿಂದ ಅಷ್ಟಾಗಿ ಇಳಿಯುವುದಿಲ್ಲ. ಆದರೂ ಬಾವು ನೋಡಿದವರು ಫ್ಯೂರೊಸೆಮೈಡ್ ಕೊಟ್ಟಿದ್ದಾರೆ. ಟೆಲ್ಮಿಸಾರ್ಟಾನ್ ಮಾತ್ರೆಯೊಳಗೂ ಮೂತ್ರ ಹೋಗಿಸುವ ಹೈಡ್ರೋಕ್ಲೋರೋಥಯಾಜೈಡ್ ಇದೆ. ಸ್ಪೈರನೊಲ್ಯಾಕ್ಟೋನ್ ಸೇರಿದರೆ ಅಂಥವು ಮೂರಾದವು. ಮೈ ಒಣಗುತ್ತದೆ, ನಿಂತಾಗ ಬಿಪಿ ಇಳಿಯುತ್ತದೆ, ತಲೆ ಸುತ್ತುತ್ತದೆ. ತಲೆಸುತ್ತಿಗೆ ಸಿನ್ನರಿಜಿನ್ ಬಂತು. ವಯಸ್ಸಾದವರು ಸಿನ್ನರಿಜಿನ್ ತಿಂಗಳುಗಟ್ಟಲೆ ತೆಗೆದುಕೊಂಡರೆ ಕೈ ನಡುಕ, ಸಣ್ಣ ಹೆಜ್ಜೆ, ಮೈ ಬಿಗಿತ ಬರಬಹುದು. ನೋಡಿದರೆ ಪಾರ್ಕಿನ್ಸನ್ ಕಾಯಿಲೆಯ ಹಾಗೇ ಇರುತ್ತದೆ. ಇನ್ನು ಯಾರಾದರೂ ನಡುಕಕ್ಕೆ ಹನ್ನೊಂದನೆಯ ಮಾತ್ರೆ ಬರೆಯುವ ಮೊದಲು ನೀನು ಹೋಗಬೇಕು. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮುದುಕರ ನೆನಪಿನ ಶಕ್ತಿಗೇ ಕುತ್ತು ತರುತ್ತದೆ.

ಇದು ಹೀಗೇ ಆಗಿದೆ ಅಂತ ನಾನು ಹೇಳಲಾರೆ. ಪಾದದ ಬಾವು ಹೃದಯದಿಂದ, ಕಿಡ್ನಿಯಿಂದಲೂ ಬರಬಹುದು. ಪರೀಕ್ಷೆ ಮಾಡಿ ನೋಡಬೇಕಾದವರು ಡಾಕ್ಟರು. ಆದರೆ ಯಾವ ಮಾತ್ರೆ ಯಾವಾಗ ಶುರುವಾಯಿತು, ಯಾವ ತೊಂದರೆ ಯಾವಾಗ ಬಂತು ಅನ್ನುವುದು ನಿನಗೆ ಮಾತ್ರ ಗೊತ್ತು. ಹಳೆಯ ಚೀಟಿಗಳ ತಾರೀಕು ನೋಡಿ ಬರೆದುಕೋ. ಆ ಒಂದು ಹಾಳೆ ಹತ್ತು ಪರೀಕ್ಷೆಗಿಂತ ಉಪಯೋಗ.

ನನಗೆ ಎಲ್ಲಕ್ಕಿಂತ ಹೆದರಿಕೆ ಮಂಡಿನೋವಿನ ಮಾತ್ರೆಯದ್ದು. ಟೆಲ್ಮಿಸಾರ್ಟಾನ್, ಮೂತ್ರದ ಮಾತ್ರೆ, ಅಸಿಕ್ಲೊಫೆನಾಕ್. ಈ ಮೂರು ಒಬ್ಬರ ಹೊಟ್ಟೆಗೆ ಹೋಗಬಾರದು. ಮೂರೂ ಮೂರು ಕಡೆಯಿಂದ ಕಿಡ್ನಿಯ ರಕ್ತ ಓಡಾಟವನ್ನು ತಗ್ಗಿಸುತ್ತವೆ. ಬೇಸಿಗೆಯಲ್ಲಿ ಬೆವರಿ ಸೋತಾಗ, ಭೇದಿ ಆದಾಗ, ಕಿಡ್ನಿ ಎರಡೇ ದಿನದಲ್ಲಿ ಕೈಕೊಡಬಹುದು. ಆಸ್ಪಿರಿನ್ ಜೊತೆ ಅಸಿಕ್ಲೊಫೆನಾಕ್ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುವ ಅಪಾಯವೂ ಇದೆ. ಮಲ ಕಪ್ಪಗೆ ಅಂಟಂಟಾಗಿ ಹೋದರೆ ಬೆಳಗಾಗಲಿ ಅಂತ ಕಾಯಬೇಡ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ಮಂಡಿನೋವಿಗೆ ಬರೀ ಪ್ಯಾರಾಸಿಟಮಾಲ್ ಸಾಕಾ, ಮೇಲೆ ಹಚ್ಚುವ ಜೆಲ್ ಸಾಕಾ ಅಂತ ಮೊದಲು ಇದನ್ನೇ ಕೇಳು. ಪ್ಯಾರಾಸಿಟಮಾಲ್ ಕೂಡ ಇಷ್ಟು ಸಣ್ಣ ಮೈಯವರಿಗೆ ಡಾಕ್ಟರು ಹೇಳಿದ ಲೆಕ್ಕದಲ್ಲೇ ಇರಲಿ.

ಕ್ರಿಯಾಟಿನಿನ್ 1.3 ನಾರ್ಮಲ್ ಅಂದರು ಅಂತ ಬರೆದಿದ್ದೀಯ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ವಯಸ್ಸಾಗಿ ಸ್ನಾಯು ಕರಗಿದವರಲ್ಲಿ ಅದು ಕಡಿಮೆಯೇ ಹುಟ್ಟುತ್ತದೆ. ಹಾಗಾಗಿ ಕಿಡ್ನಿ ಸೋತಿದ್ದರೂ ರಿಪೋರ್ಟ್ ಚೆನ್ನಾಗೇ ಕಾಣುತ್ತದೆ. ಔಷಧದ ಪ್ರಮಾಣ ನಿರ್ಧರಿಸಲು ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಅನ್ನುವವರು 1976ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. 140ರಿಂದ ವಯಸ್ಸು ಕಳೆ, ತೂಕದಿಂದ ಗುಣಿಸು. ಬಂದದ್ದನ್ನು ಕ್ರಿಯಾಟಿನಿನ್ನಿನ 72 ಪಟ್ಟಿನಿಂದ ಭಾಗಿಸು. ಹೆಂಗಸರಾದರೆ ಮತ್ತೆ 0.85ರಿಂದ ಗುಣಿಸಬೇಕು. ನಿನ್ನ ಮಾವನವರಿಗೆ ಸುಮಾರು 34 ಬರುತ್ತದೆ, ಅಂದರೆ ಕಿಡ್ನಿ ನಿಮಿಷಕ್ಕೆ ಸುಮಾರು ಅಷ್ಟು ಮಿ.ಲೀ. ಸೋಸುತ್ತದೆ ಅಂತ. ಗಟ್ಟಿಮುಟ್ಟಾದ ಯುವಕರಿಗೆ ಇದು 100ರ ಆಸುಪಾಸು. ಲ್ಯಾಬಿನವರು ಹಾಕುವ ಇ.ಜಿ.ಎಫ್.ಆರ್. ಕೂಡ ಕಿಡ್ನಿ ಎಷ್ಟು ಸೋಸುತ್ತದೆ ಅನ್ನುವ ಅಂದಾಜೇ, ಆದರೆ ಬೇರೆ ಸೂತ್ರದ್ದು, ಸಣ್ಣ ಮೈಯವರಲ್ಲಿ ಇದಕ್ಕಿಂತ ಜಾಸ್ತಿ ತೋರಿಸಬಹುದು. ಎರಡನ್ನೂ ಡಾಕ್ಟರಿಗೆ ತೋರಿಸು. ಮೆಟ್‌ಫಾರ್ಮಿನ್ ಎಷ್ಟು ಇರಬೇಕು ಅನ್ನುವುದು ಕಿಡ್ನಿಯ ಮೇಲೇ ನಿಂತಿದೆ. ಇ.ಜಿ.ಎಫ್.ಆರ್. 30ಕ್ಕಿಂತ ಕೆಳಗಾದರೆ ಅದನ್ನು ಕೊಡುವುದೇ ಇಲ್ಲ.

ಎಳನೀರಿನ ಮಾತು ಓದಿ ನನಗೆ ಕೂರಲಾಗಲಿಲ್ಲ. ನಮ್ಮ ಕರಾವಳಿಯಲ್ಲಿ, ಘಟ್ಟದ ಮೇಲೆ ಕೂಡ, ಸುಸ್ತು ಅಂದವರಿಗೆಲ್ಲ ಎಳನೀರು. ಪ್ರೀತಿಯಿಂದಲೇ ಕೊಡುತ್ತೇವೆ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ. ಟೆಲ್ಮಿಸಾರ್ಟಾನ್, ಸ್ಪೈರನೊಲ್ಯಾಕ್ಟೋನ್ ಎರಡೂ ಪೊಟ್ಯಾಸಿಯಂ ಹೊರಗೆ ಹೋಗದ ಹಾಗೆ ತಡೆಯುತ್ತವೆ. ಕಿಡ್ನಿಯೂ ಸೋತಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ರಕ್ತ ಪರೀಕ್ಷೆ ಆಗುವವರೆಗೆ ಎಳನೀರು ಬೇಡ ಅಂತ ಅತ್ತೆಗೆ ಹೇಳು. ಕಷಾಯದ ಜೇಷ್ಠಮಧುವೂ ಅಷ್ಟೇ. ದಿನಾ ಜಾಸ್ತಿ ಹೋದರೆ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಕಷಾಯ ಬಿಡಬೇಕಿಲ್ಲ, ಜೇಷ್ಠಮಧು ತೆಗೆದು ಕೊತ್ತಂಬರಿ, ಜೀರಿಗೆ ಇಟ್ಟುಕೊಳ್ಳಿ. ಮನೆಮದ್ದನ್ನು ಡಾಕ್ಟರಿಗೆ ಹೇಳಲು ನಮ್ಮವರು ನಾಚಿಕೊಳ್ಳುತ್ತಾರೆ. ಹೇಳಲೇಬೇಕು.

ಶೀತದ ಮಾತ್ರೆಯಲ್ಲಿ ಸಾಮಾನ್ಯವಾಗಿ ಕ್ಲೋರ್‌ಫೆನಿರಮಿನ್ ಇರುತ್ತದೆ. ಹುಡುಗರಿಗೆ ಬರೀ ನಿದ್ದೆ. ಮುದುಕರಿಗೆ ಮೂತ್ರ ಕಟ್ಟುತ್ತದೆ, ಮಲ ಕಟ್ಟುತ್ತದೆ, ಬುದ್ಧಿ ಮಂಕಾಗುತ್ತದೆ. ಅಂಗಡಿಯಲ್ಲಿ ಸುಮ್ನೆ "ಶೀತಕ್ಕೆ ಕೊಡಿ" ಅನ್ನಬೇಡ. ಯಾರಿಗೆ, ಎಷ್ಟು ವಯಸ್ಸು ಅಂತ ಹೇಳಿ ಕೇಳು.

1991ರಲ್ಲಿ ಅಮೆರಿಕದಲ್ಲಿ ಮಾರ್ಕ್ ಬಿಯರ್ಸ್ ಅನ್ನುವ ಡಾಕ್ಟರು ಜೊತೆಗಾರರೊಂದಿಗೆ, ವಯಸ್ಸಾದವರಿಗೆ ಆದಷ್ಟು ಕೊಡಬಾರದ ಔಷಧಗಳ ಪಟ್ಟಿ ಮಾಡಿದರು. ಈಗಲೂ ಅದನ್ನು ತಿದ್ದುತ್ತಾ ಬಂದಿದ್ದಾರೆ, 2023ರಲ್ಲೂ ತಿದ್ದಿದ್ದಾರೆ. ನಿದ್ದೆಯ ಅಲ್ಪ್ರಜೋಲಾಂ, ಕ್ಲೋರ್‌ಫೆನಿರಮಿನ್, ದಿನಾ ತಿನ್ನುವ ನೋವಿನ ಮಾತ್ರೆ ಎಲ್ಲ ಅದರಲ್ಲಿವೆ. ಆ ಪಟ್ಟಿಯಲ್ಲಿದೆ ಅಂದರೆ ವಿಷ ಅಂತಲ್ಲ. ಕೊಡುವ ಮೊದಲು ಎರಡು ಸಲ ಯೋಚಿಸಿ ಅಂತ.

ಪ್ಯಾಂಟೊಪ್ರಜೋಲ್ ಕೂಡ ಆ ಪಟ್ಟಿಯಲ್ಲಿದೆ, ಎಂಟು ವಾರಕ್ಕಿಂತ ಜಾಸ್ತಿ ಸುಮ್ನೆ ಕೊಡಬೇಡಿ ಅಂತ. ಆದರೆ ನಿನ್ನ ಮಾವನವರಿಗೆ ಆಸ್ಪಿರಿನ್ ಇದೆ, ನೋವಿನ ಮಾತ್ರೆಯೂ ಇದೆ. ಹೊಟ್ಟೆ ಕಾಯುತ್ತಿರುವುದೇ ಅದು. ಇಂಟರ್ನೆಟ್‌ನಲ್ಲಿ ಓದಿ ಅದನ್ನು ಮೊದಲು ಬಿಡಿಸುವವರು ಇದ್ದಾರೆ, ಹಾಗೆ ಮಾಡಬೇಡ. ಆಸ್ಪಿರಿನ್ ಅಂತೂ ಹೃದಯದ ಡಾಕ್ಟರು ಹೇಳದೆ ಒಂದು ದಿನವೂ ತಪ್ಪಬಾರದು.

ಕೊನೆಗೆ ಆ ಸ್ಟೀಲ್ ಡಬ್ಬಿ. ಶಿರಸಿಯ ಮಳೆಗಾಲದಲ್ಲಿ ಉಪ್ಪೇ ನೀರಾಗುತ್ತದೆ, ಇನ್ನು ಮಾತ್ರೆ? ಆಸ್ಪಿರಿನ್ ತೇವ ತಾಗಿದರೆ ಕೆಟ್ಟು ವಿನೆಗರ್ ವಾಸನೆ ಬರುತ್ತದೆ. ಹಾಗೆ ಬಂದರೆ ಎಸೆದುಬಿಡು. ಮಾತ್ರೆಗಳು ಶೀಟಿನಲ್ಲೇ ಇರಲಿ. ಶೀಟು ಕತ್ತರಿಸಿ ಕೊಡುವಾಗ ಹೆಸರು, ತಾರೀಕು ಇರುವ ತುದಿಯನ್ನು ಕೇಳಿ ಪಡೆ.

ಅಂಕೋಲಾ ಜನರಲ್ ಪ್ರಾಕ್ಟೀಸ್

ಮೇಡಂ ಬರೆದದ್ದಕ್ಕೆ ಡಾಕ್ಟರಾಗಿ ಕೆಲವು ಮಾತು ಸೇರಿಸುತ್ತೇನೆ.

ಕೂತಾಗ ನೋಡಿದ ಬಿಪಿ ಸಾಲದು. ಐದು ನಿಮಿಷ ಮಲಗಿಸಿ ನೋಡಬೇಕು. ಎದ್ದು ನಿಂತ ಮೇಲೆ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಬೇಕು. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ತಲೆಸುತ್ತಿಗೆ ಕಾರಣ ಅರ್ಧ ಸಿಕ್ಕ ಹಾಗೆ. ಮನೆಯಲ್ಲಿ ಯಂತ್ರ ಇದ್ದರೆ ನೀವೇ ನೋಡಿ ಬರೆದುಕೊಳ್ಳಿ. ನಿಲ್ಲಿಸುವಾಗ ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡಿರಲಿ.

ಮೂರು ತಿಂಗಳ ಶುಗರ್ 6.3 ನೋಡಿ ಮನೆಯವರು ಖುಷಿಪಟ್ಟಿರಬಹುದು. 79 ವರ್ಷದ, ಹೃದಯದ ಕಾಯಿಲೆ ಇರುವ, ಬೀಳುತ್ತಿರುವ ಮನುಷ್ಯನಿಗೆ ಗ್ಲಿಮೆಪಿರೈಡ್ ಕೊಟ್ಟು 6.3ಕ್ಕೆ ತರುವುದು ಅಪಾಯ. ಇಂಥವರಿಗೆ 8ರೊಳಗೆ ಇದ್ದರೆ ಸಾಕು. ಬೆಳಗಿನ ಜಾವ ಬಿದ್ದರು ಅಂದಿರಿ. ಆಗ ಶುಗರ್ ಎಷ್ಟಿತ್ತು ಅಂತ ಯಾರಾದರೂ ನೋಡಿದ್ದರಾ? ನಿಮ್ಮ ಮನೆಯಲ್ಲಿ ಏಕಾದಶಿ, ಸಂಕಷ್ಟಿ ಉಪವಾಸ ಇದೆಯಾ? ಉಪವಾಸದ ದಿನವೂ ಆ ಮಾತ್ರೆ ನುಂಗಿದರೆ ಶುಗರ್ ಇಳಿದೇ ಇಳಿಯುತ್ತದೆ. ವಯಸ್ಸಾದವರಲ್ಲಿ ಬೆವರು, ನಡುಕ ಕಾಣದೆ ನೇರ ಗೊಂದಲವಾಗಿ ಮಾತು ತಪ್ಪಬಹುದು. ಉಪವಾಸ ಮಾಡುವುದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಆ ದಿನದ ಮಾತ್ರೆ ಹೇಗೆ ಅಂತ ಬರೆಸಿಕೊಳ್ಳಿ.

ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಈ ವಾರವೇ ಮಾಡಿಸಿ. ಇಂಥ ಮೂತ್ರದ ಮಾತ್ರೆಗಳಿಂದ ಸೋಡಿಯಂ ಇಳಿದು ಮಾತು ಗೊಂದಲವಾದವರನ್ನು, ಮನೆಯವರು ಮರೆವಿನ ಕಾಯಿಲೆ ಅಂತ ಕೈಚೆಲ್ಲಿದ್ದನ್ನು ನಾನು ನೋಡಿದ್ದೇನೆ. ಸರಿಮಾಡಿದರೆ ಮೊದಲಿನ ಹಾಗೆ ಮಾತಾಡುತ್ತಾರೆ.

ನಿದ್ದೆ ಮಾತ್ರೆ ಬಗ್ಗೆ ಒಂದು ಎಚ್ಚರಿಕೆ. ತಿಂಗಳುಗಟ್ಟಲೆ ತೆಗೆದುಕೊಂಡ ಅಲ್ಪ್ರಜೋಲಾಂ ಒಮ್ಮೆಲೇ ನಿಲ್ಲಿಸಿದರೆ ಚಡಪಡಿಕೆ, ಕೆಲವೊಮ್ಮೆ ಫಿಟ್ಸ್ ಕೂಡ ಬರುತ್ತದೆ. ಎರಡು ವಾರಕ್ಕೊಮ್ಮೆ ಕಾಲು ಭಾಗದಷ್ಟು ಇಳಿಸುತ್ತಾ ಬರುವುದು ರೂಢಿ. ಅದೂ ಡಾಕ್ಟರ ಕಣ್ಣೆದುರಲ್ಲಿ. ಮತ್ತೆ ಲೆಕ್ಕ ಹಾಕಿ ನೋಡಿ: ಮಾವನವರು ರಾತ್ರಿ ಎಂಟೂವರೆಗೆ ಮಲಗಿ ಮೂರೂವರೆಗೆ ಎದ್ದರೆ ಏಳು ಗಂಟೆ ನಿದ್ದೆ ಆಗಿದೆ. ಅದು ನಿದ್ರಾಹೀನತೆ ಅಲ್ಲ.

ಯಾರ ಹತ್ತಿರ ಹೋಗಬೇಕು ಅಂತ ಕೇಳಿದ್ದೀರಿ. ಅತಿ ದೊಡ್ಡ ಡಾಕ್ಟರೇ ಬೇಕು ಅಂತಿಲ್ಲ. ಶಿರಸಿಯಲ್ಲಿ ನೀವು ನಂಬುವ ಒಬ್ಬ ಫಿಜಿಶಿಯನ್ ಹಿಡಿಯಿರಿ. ಎಲ್ಲ ಶೀಟು, ಎಲ್ಲ ಚೀಟಿ, ಕಷಾಯದ ಪುಡಿ ಸಮೇತ ಒಂದು ಚೀಲದಲ್ಲಿ ಒಯ್ಯಿರಿ. ಜನ ಕಡಿಮೆ ಇರುವ ಹೊತ್ತು ಕೇಳಿಕೊಂಡು ಹೋಗಿ. ಶೀತ, ಜ್ವರ ತೋರಿಸಲು ಹೋದಾಗ ಕೊನೆಯಲ್ಲಿ "ಇದೂ ಒಂಚೂರು ನೋಡಿ" ಅಂದರೆ ನಾವೂ ನ್ಯಾಯ ಒದಗಿಸಲಾರೆವು. "ಮಾತ್ರೆಗಳನ್ನು ನೋಡಿಸಲು ಮಾತ್ರ ಬಂದಿದ್ದೇವೆ" ಅನ್ನಿ. ಒಳ್ಳೆಯ ಡಾಕ್ಟರು ಇದಕ್ಕೆ ಸಿಟ್ಟು ಮಾಡುವುದಿಲ್ಲ.

ಭೇದಿ, ವಾಂತಿ ಆಗಿ ನೀರೂ ನಿಲ್ಲದ ದಿನ ಬಿಪಿ ಮಾತ್ರೆ, ಮೂತ್ರದ ಮಾತ್ರೆ, ಮೆಟ್‌ಫಾರ್ಮಿನ್ ಮುಂದುವರಿಸಬೇಕಾ ಅಂತ ಅವತ್ತೇ ಫೋನ್ ಮಾಡಿ ಕೇಳಿ. ಇದನ್ನು ಮೊದಲೇ ಮಾತಾಡಿಕೊಂಡಿದ್ದರೆ ಇನ್ನೂ ಒಳ್ಳೆಯದು. ಜೋರು ಮಳೆಗೆ ಲೈನ್ ಹೋದ ರಾತ್ರಿ ಯಾರನ್ನು ಕೇಳುತ್ತೀರಿ?

ತೋಟದಮನೆ, ಶಿರಸಿ

ಎಲ್ಲರಿಗೂ ತುಂಬಾ ಧನ್ಯವಾದ. ಹೇಳಿದ ಹಾಗೇ ಮಾಡಿದೆವು.

ತಾರೀಕು ಹಾಕಿ ಬರೆದ ಹಾಳೆಯನ್ನು ಶಿರಸಿಯ ಫಿಜಿಶಿಯನ್ ಪೂರ್ತಿ ಓದಿದರು. ಹುಬ್ಬಳ್ಳಿ ಡಾಕ್ಟರ ಜೊತೆ ಅವರೇ ಫೋನಿನಲ್ಲಿ ಮಾತಾಡಿದರು. ಮಲಗಿದಾಗ ಬಿಪಿ 122/70, ನಿಂತಾಗ 94/58. ಸೋಡಿಯಂ 128. ಪೊಟ್ಯಾಸಿಯಂ 5.4, ಎಳನೀರು ಬಿಟ್ಟಿದ್ದು ಒಳ್ಳೆಯದಾಯಿತು ಅಂದರು.

ಅಸಿಕ್ಲೊಫೆನಾಕ್, ಸಿನ್ನರಿಜಿನ್, ಪಾದದ ಬಾವಿನ ಮಾತ್ರೆ ನಿಲ್ಲಿಸಿದರು. ಅಮ್ಲೋಡಿಪಿನ್ ನಿಲ್ಲಿಸಿ, ಬಿಪಿಗೆ ಟೆಲ್ಮಿಸಾರ್ಟಾನ್ ಒಂದೇ ಸಾಕು ಅಂದರು. ಗ್ಲಿಮೆಪಿರೈಡ್ ಬಿಡಿಸಿ ಮೆಟ್‌ಫಾರ್ಮಿನ್ ಮಾತ್ರ ಉಳಿಸಿದರು. ಗ್ಯಾಸ್ ಮಾತ್ರೆಯಲ್ಲಿ ಡೊಂಪೆರಿಡೋನ್ ಇಲ್ಲದ್ದು ಬರೆದರು. ನಿದ್ದೆ ಮಾತ್ರೆ ಇಳಿಸುತ್ತಾ ಇದ್ದೇವೆ. ಹೌದು ಡಾಕ್ಟರೇ, ಸಂಕಷ್ಟಿ ಉಪವಾಸ ಇತ್ತು. ಮಾವನವರು ಚಂದ್ರ ಕಂಡ ಮೇಲೆಯೇ ಊಟ ಮಾಡುತ್ತಿದ್ದರು, ಮಾತ್ರೆ ಮಾತ್ರ ಬೆಳಿಗ್ಗೆಯೇ.

ಪಾದದ ಬಾವು ಇಳಿದಿದೆ. ತಲೆಸುತ್ತು ಬಹಳ ಕಡಿಮೆ. ಹೆಸರು ತಪ್ಪಿ ಹೇಳುವುದೂ ಕಡಿಮೆ ಆಗಿದೆ. ಕೈ ನಡುಕ ಇನ್ನೂ ಇದೆ. ಅದು ಹೋಗಲು ತಿಂಗಳುಗಳು ಬೇಕಾಗಬಹುದು, ಹೋಗದಿದ್ದರೆ ನರದ ಡಾಕ್ಟರಿಗೆ ತೋರಿಸೋಣ ಅಂದಿದ್ದಾರೆ. ಮಂಡಿನೋವು ಜಾಸ್ತಿ ಆಗಿದೆ. ಮಾವನವರು ಬೇಜಾರು ಮಾಡಿಕೊಂಡಿದ್ದಾರೆ, "ನನ್ನ ನೋವಿನ ಮಾತ್ರೆ ಕಸಿದುಕೊಂಡಿರಿ" ಅಂತ. ಜೆಲ್ ಹಚ್ಚುತ್ತೇವೆ, ಬಿಸಿನೀರಿನ ಶಾಖ ಕೊಡುತ್ತೇವೆ. ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ಮಾಡಿಸಲು ನೋಡುತ್ತಿದ್ದೇನೆ.

ಇನ್ನೊಂದು ಪ್ರಶ್ನೆ. ಅವರಿಗೆ ಮಾತ್ರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅತ್ತೆ ಪುಡಿ ಮಾಡಿ ಗಂಜಿಯಲ್ಲಿ ಹಾಕಿ ಕೊಡುತ್ತಾರೆ. ಹಾಗೆ ಮಾಡಬಹುದಾ?

ಕುಮಟಾ ಫಾರ್ಮಸಿಸ್ಟ್

ತಂಗಿ, ಓದಿ ಮನಸ್ಸು ತುಂಬಿತು. ಮಂಡಿನೋವನ್ನು ಹಗುರವಾಗಿ ನೋಡಬೇಡ. ನೋವು ತಡೆಯದೆ ಅವರು ಗುಟ್ಟಾಗಿ ಅಂಗಡಿಯಿಂದ ಅದೇ ಮಾತ್ರೆ ತರಿಸಿಕೊಂಡರೆ ಎಲ್ಲ ಮೊದಲಿನಂತೆ. ಸಾಮಾನ್ಯವಾಗಿ ಹೋಗುವ ಮೆಡಿಕಲ್ ಶಾಪಿನವರಿಗೂ ಹೇಳಿಡು. ವ್ಯಾಯಾಮ, ಜೆಲ್ ಸಾಲದಿದ್ದರೆ ಬೇರೆ ದಾರಿ ಏನು ಅಂತ ಮುಂದಿನ ಸಲ ಡಾಕ್ಟರನ್ನು ಕೇಳು.

ಪುಡಿ ಮಾಡುವ ವಿಷಯ. ಎಸ್.ಆರ್., ಇ.ಆರ್., ಎಕ್ಸ್.ಎಲ್. ಅಂತ ಬರೆದ ಮಾತ್ರೆ ಯಾವುದನ್ನೂ ಪುಡಿ ಮಾಡಬಾರದು. ಇಡೀ ದಿನ ನಿಧಾನಕ್ಕೆ ಬಿಡಬೇಕಾದ ಔಷಧ ಒಮ್ಮೆಲೇ ಮೈಗೆ ಸೇರುತ್ತದೆ. ಮೆಟ್‌ಫಾರ್ಮಿನ್ ಎಸ್.ಆರ್. ಅಂಥದ್ದೇ. ಪ್ಯಾಂಟೊಪ್ರಜೋಲ್‌ಗೆ ಹೊಟ್ಟೆಯ ಆಮ್ಲದಿಂದ ಕಾಯುವ ಲೇಪ ಇದೆ. ಪುಡಿ ಮಾಡಿದರೆ ಕೆಲಸವೇ ಮಾಡುವುದಿಲ್ಲ. ಕ್ಯಾಪ್ಸೂಲ್ ಬಿಚ್ಚುವುದೂ ಕೇಳದೆ ಬೇಡ. ಮೆಟ್‌ಫಾರ್ಮಿನ್‌ನ ಸಾದಾ ಮಾತ್ರೆ ಸಿಗುತ್ತದೆ. ದಿನಕ್ಕೆ ಎರಡು ಸಲ ಆಗಬಹುದು, ಆದರೆ ಸಣ್ಣದು ಸಿಗುತ್ತದೆ, ಬೇಕಿದ್ದರೆ ಪುಡಿಯೂ ಮಾಡಬಹುದು. ಬದಲಾಯಿಸಲು ಡಾಕ್ಟರನ್ನು ಕೇಳು.

ಮಲಗಿಸಿ ನುಂಗಿಸಬೇಡ. ನೇರ ಕೂರಿಸಿ ಮೊದಲು ಒಂದು ಗುಟುಕು ನೀರು ಕುಡಿಸು. ಆಮೇಲೆ ಒಂದೊಂದೇ ಮಾತ್ರೆ, ಗಲ್ಲ ಸ್ವಲ್ಪ ಎದೆಯ ಕಡೆ ಬಾಗಿಸಿ. ನೀರು ಕುಡಿಯುವಾಗಲೂ ಕೆಮ್ಮು ಬಂದರೆ ಅದು ಮಾತ್ರೆಯ ತೊಂದರೆ ಅಲ್ಲ, ನುಂಗುವುದರದ್ದೇ ತೊಂದರೆ. ನಡುಕ ಇರುವವರಲ್ಲಿ ಅದನ್ನು ಬೇಗ ತೋರಿಸಬೇಕು.

ಸಿನ್ನರಿಜಿನ್‌ನಿಂದ ನಡುಕ ಬಂದದ್ದು ಹೌದು ಅಂತ ಡಾಕ್ಟರು ಹೇಳಿದರೆ ಅದನ್ನು ವರದಿ ಮಾಡಬಹುದು. ಔಷಧದ ಅಡ್ಡಪರಿಣಾಮ ತಿಳಿಸಲು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-180-3024. ಡಾಕ್ಟರೇ ಆಗಬೇಕಿಲ್ಲ, ಮನೆಯವರೂ ಫೋನ್ ಮಾಡಬಹುದು. ಮಾತ್ರೆಯ ಶೀಟು ಕೈಯಲ್ಲಿ ಇಟ್ಟುಕೊಂಡು ಮಾಡು, ಬ್ಯಾಚ್ ನಂಬರ್ ಕೇಳಬಹುದು.